ಗೋಡೆ ಬಿದ್ದ ರಾತ್ರಿ ಅವರು ಕಂಡದ್ದೇನು? ಪ್ರತ್ಯಕ್ಷದರ್ಶಿಯ ನೆನಪನ್ನು ದಾಖಲಿಸುವ ಬಗೆ

ಓದುಗರ ಪ್ರಶ್ನೆ: ನಮಗೆ ಆಪ್ತರಾದ ಹಿರಿಯರೊಬ್ಬರು 1989ರಲ್ಲಿ ಪಶ್ಚಿಮ ಬರ್ಲಿನ್‌ನಲ್ಲಿ ಓದುತ್ತಿದ್ದರು. ಪೂರ್ವ, ಪಶ್ಚಿಮ ಬರ್ಲಿನ್ನನ್ನು ಬೇರ್ಪಡಿಸಿದ್ದ ಗೋಡೆ ಬಿದ್ದ ರಾತ್ರಿ ಬ್ರಾಂಡೆನ್‌ಬರ್ಗ್ ಗೇಟಿನ ಬಳಿ ಜನ ಹರಿದು ಬಂದದ್ದನ್ನೂ ಕ್ರೇನು ಗೋಡೆಯ ತುಂಡುಗಳನ್ನು ಎತ್ತಿದ್ದನ್ನೂ ಕಣ್ಣಾರೆ ಕಂಡೆ ಎನ್ನುತ್ತಾರೆ. ನಾನು ಓದಿದ ಪ್ರಕಾರ ಆ ರಾತ್ರಿ ಅವೆರಡೂ ನಡೆದಿಲ್ಲ. ಅವರು ಸುಳ್ಳು ಹೇಳುವವರಲ್ಲ. ಇಂಥ ನೆನಪನ್ನು ಎಷ್ಟು ನಂಬಬೇಕು? ಅವರ ಮಾತನ್ನು ದಾಖಲಿಸಿಡಬೇಕೆಂದಿದ್ದೇನೆ, ಹೇಗೆ ಮಾಡಲಿ?

ಉತ್ತರ: ಅವರು ಸುಳ್ಳು ಹೇಳುತ್ತಿಲ್ಲ, ನೀವು ಓದಿದ್ದೂ ತಪ್ಪಲ್ಲ. ಬಹುಶಃ ಆರು ವಾರಗಳಲ್ಲಿ ಬೇರೆ ಬೇರೆ ದಿನ ಕಂಡದ್ದೆಲ್ಲ ಅವರ ನೆನಪಿನಲ್ಲಿ ಒಂದೇ ರಾತ್ರಿಗೆ ಬಂದು ಕೂತಿದೆ. ಇದು ಬರ್ಲಿನ್ ವಿಷಯದಲ್ಲಿ ತೀರ ಸಾಮಾನ್ಯ. ಬಿಡಿಸುವುದೂ ಸಾಧ್ಯ, ಏಕೆಂದರೆ ಆ ದಿನಗಳ ಗಂಟೆಗಂಟೆಯ ದಾಖಲೆ ಉಳಿದಿದೆ.

1989ರ ನವೆಂಬರ್ 9 ಗುರುವಾರ. ಸಂಜೆ ಏಳಕ್ಕೆ ಕೆಲವೇ ನಿಮಿಷ ಇರುವಾಗ ಪೂರ್ವ ಜರ್ಮನಿಯ ಆಡಳಿತ ಪಕ್ಷದ ವಕ್ತಾರ ಗ್ಯುಂಟರ್ ಶಾಬೋವ್ಸ್ಕಿ ಪತ್ರಿಕಾಗೋಷ್ಠಿಯಲ್ಲಿ, ಜನರನ್ನು ಪಶ್ಚಿಮಕ್ಕೆ ಹೋಗಲು ಬಿಡುವ ಹೊಸ ಪ್ರಯಾಣ ನಿಯಮವನ್ನು ಓದಿದರು. ಯಾವಾಗಿನಿಂದ ಜಾರಿ ಎಂದು ಕೇಳಿದಾಗ ಕಾಗದ ತಿರುವಿ ನೋಡಿ, ತಕ್ಷಣದಿಂದಲೇ, ತಡವಿಲ್ಲದೆ ಎಂಬರ್ಥದ ಉತ್ತರ ಕೊಟ್ಟರು. ಅಸಲಿಗೆ ನಿಯಮ ಮರುದಿನದಿಂದ, ಅರ್ಜಿ ಹಾಕಿದವರಿಗೆ ಅನ್ವಯವಾಗಬೇಕಿತ್ತು. ರಾತ್ರಿ 8ರ ಪಶ್ಚಿಮ ಜರ್ಮನಿಯ ಟಿವಿ ವಾರ್ತೆ ಗಡಿ ತೆರೆಯುತ್ತಿದೆ ಎಂದಿತು. ಹತ್ತೂವರೆ ದಾಟಿದ ಮೇಲಿನ ಇನ್ನೊಂದು ವಾರ್ತೆ ಗೋಡೆಯ ಬಾಗಿಲುಗಳು ತೆರೆದೇ ಇವೆ ಎಂದು ಘೋಷಿಸಿತು. ಆ ಕ್ಷಣಕ್ಕೆ ಅದು ಇನ್ನೂ ನಿಜವಾಗಿರಲಿಲ್ಲ. ಬೋರ್ನ್‌ಹೋಲ್ಮರ್ ಬೀದಿಯ ಗಡಿಠಾಣೆಯಲ್ಲಿ ಹೆಚ್ಚು ಗಲಾಟೆ ಮಾಡುತ್ತಿದ್ದ ಕೆಲವರನ್ನು ಮಾತ್ರ, ಗುರುತಿನ ಚೀಟಿಯ ಫೋಟೋ ಮೇಲೆ ಮುದ್ರೆ ಒತ್ತಿ, ಆಚೆ ಬಿಡುತ್ತಿದ್ದರು. ಆ ಮುದ್ರೆ ಬಿದ್ದವರನ್ನು ಮತ್ತೆ ಒಳಕ್ಕೆ ಬಿಟ್ಟುಕೊಳ್ಳಬಾರದು ಎಂಬುದು ಲೆಕ್ಕ. ಜನಜಂಗುಳಿ ತಡೆಯಲಾಗದೆ ಅಧಿಕಾರಿ ಹರಾಲ್ಡ್ ಯೇಗರ್ ಅಡ್ಡಗಂಬಗಳನ್ನು ಎತ್ತಿಸಿದ್ದು 11.30ರ ಸುಮಾರಿಗೆ. ಉಳಿದ ಠಾಣೆಗಳು ನಡುರಾತ್ರಿಯ ಆಸುಪಾಸಿನಲ್ಲಿ ತೆರೆದವು.

ಬ್ರಾಂಡೆನ್‌ಬರ್ಗ್ ಗೇಟಿನಲ್ಲಿ ಆಗ ದಾಟುದಾರಿಯೇ ಇರಲಿಲ್ಲ. ಅಲ್ಲಿ ಗೋಡೆಯ ತಲೆ ಅಗಲವಾಗಿದ್ದರಿಂದ ನೂರಾರು ಜನ ಹತ್ತಿ ನಿಂತರು. ಜಗತ್ತು ಮತ್ತೆ ಮತ್ತೆ ನೋಡಿದ ಚಿತ್ರ ಅದೇ. ಅಲ್ಲಿ ದಾಟುದಾರಿ ತೆರೆದದ್ದು ಡಿಸೆಂಬರ್ 22ರಂದು, ಮಳೆಯಲ್ಲಿ. ಇನ್ನು ಕ್ರೇನು: ಗಡಿಗೋಡೆಯ ಒಂದೊಂದು ತುಂಡು 3.6 ಮೀಟರ್ ಎತ್ತರ, 1.2 ಮೀಟರ್ ಅಗಲ, ಎರಡೂವರೆ ಟನ್ನಿಗೂ ಮಿಕ್ಕ ತೂಕ. ಸುತ್ತಿಗೆ ಉಳಿಯಿಂದ ಚಕ್ಕೆ ಏಳುತ್ತದೆಯೇ ಹೊರತು ಗೋಡೆ ಬೀಳುವುದಿಲ್ಲ. ಯಂತ್ರ ತಂದು ತುಂಡುಗಳನ್ನು ತೆಗೆದು ಹೊಸ ದಾರಿ ಮಾಡಿದ್ದು ಆಮೇಲಿನ ದಿನಗಳಲ್ಲಿ: ಬೆರ್ನೌವರ್ ಬೀದಿಯ ಮೂಲೆಯಲ್ಲಿ 10ರ ರಾತ್ರಿಯಿಂದ 11ರ ಬೆಳಗಿನೊಳಗೆ, ಪೋಟ್ಸ್‌ಡಾಮರ್ ಪ್ಲಾಟ್ಸ್‌ನಲ್ಲಿ 12ರಂದು. ಗೋಡೆಯನ್ನು ಪೂರ್ತಿ ಕೆಡವುವ ಕೆಲಸ ಶುರುವಾದದ್ದು 1990ರ ಜೂನ್‌ನಲ್ಲಿ.

ಅಂದರೆ ನಿಮ್ಮ ಹಿರಿಯರು ಕ್ರೇನನ್ನು 11 ಅಥವಾ 12ರಂದು, ಗೇಟಿನ ಜನಪ್ರವಾಹವನ್ನು ಡಿಸೆಂಬರ್ 22ರಂದು ಕಂಡಿರುವ ಸಾಧ್ಯತೆ ಹೆಚ್ಚು. ಇದನ್ನು ಈಗಲೇ ಅವರಿಗೆ ಹೇಳಬೇಡಿ. ನಾನು ಕೊಡುವ ಸಲಹೆಗಳಲ್ಲಿ ಒಂದನ್ನೇ ಪಾಲಿಸುವುದಾದರೆ ಇದನ್ನು ಪಾಲಿಸಿ: ಮೊದಲ ದಾಖಲೆ ಮುಗಿಯುವ ತನಕ ಅವರಿಗೆ ಫೋಟೋ ತೋರಿಸಬಾರದು, ದಿನಾಂಕ ತಿದ್ದಬಾರದು, ಆ ಘಟನೆಯ ಸಾಕ್ಷ್ಯಚಿತ್ರವನ್ನು ಜೊತೆಗೆ ಕೂತು ನೋಡಬಾರದು. ಕಾರಣ ಮುಂದಿದೆ.

ನೆನಪು ಎಲ್ಲಿ ಕೆಡುತ್ತದೆ

ದೊಡ್ಡ ಘಟನೆಯ ನೆನಪು ಫೋಟೋ ಹಾಗೆ ಅಚ್ಚಾಗಿ ಉಳಿಯುತ್ತದೆ ಎಂಬ ನಂಬಿಕೆ ಹಳೆಯದು. ಕೆನಡಿ ಹತ್ಯೆಯ ಸುದ್ದಿ ಕೇಳಿದ ಗಳಿಗೆಯನ್ನು ಜನ ಎಷ್ಟು ಸ್ಪಷ್ಟವಾಗಿ ವರ್ಣಿಸುತ್ತಾರೆ ಎಂಬುದನ್ನು ಅಭ್ಯಸಿಸಿದ ಮನೋವಿಜ್ಞಾನಿಗಳಾದ ರೋಜರ್ ಬ್ರೌನ್ ಮತ್ತು ಜೇಮ್ಸ್ ಕುಲಿಕ್ 1977ರಲ್ಲಿ ಈ ಬಗೆಯ ನೆನಪಿಗೆ ಕ್ಯಾಮೆರಾದ ಫ್ಲ್ಯಾಶ್‌ಬಲ್ಬಿನ ಹೆಸರನ್ನೇ ಇಟ್ಟರು. ಆದರೆ ಆ ವರ್ಣನೆ ಸರಿಯೇ ಎಂದು ತಾಳೆ ನೋಡಲು ಅವರ ಬಳಿ ಅಂದಿನ ಬರಹವಿರಲಿಲ್ಲ.

ಅದನ್ನು ಮಾಡಿದವರು ಉಲ್ರಿಕ್ ನೈಸರ್ ಮತ್ತು ನಿಕೋಲ್ ಹಾರ್ಶ್. 1986ರ ಜನವರಿ 28ರಂದು ಚಾಲೆಂಜರ್ ಬಾಹ್ಯಾಕಾಶ ನೌಕೆ ಹಾರಿದ 73 ಸೆಕೆಂಡಿಗೆ ಸಿಡಿಯಿತು. ಮರುದಿನ ಬೆಳಗ್ಗೆಯೇ ಅವರು 106 ವಿದ್ಯಾರ್ಥಿಗಳಿಂದ, ಸುದ್ದಿ ಎಲ್ಲಿ, ಯಾರಿಂದ, ಹೇಗೆ ತಿಳಿಯಿತು ಎಂದು ಬರೆಸಿಕೊಂಡರು. ಸುಮಾರು ಎರಡೂವರೆ ವರ್ಷದ ಮೇಲೆ ಅವರಲ್ಲಿ 44 ಮಂದಿಯನ್ನು ಅದೇ ಪ್ರಶ್ನೆ ಕೇಳಿದರು. ಮುಖ್ಯ ವಿವರಗಳೆಲ್ಲ ಸರಿಹೊಂದಿದ್ದು ಮೂರೇ ಜನರದ್ದು. 11 ಮಂದಿಯ ವಿವರ ಒಂದೂ ಹೊಂದಲಿಲ್ಲ. ಆ 11 ಮಂದಿಯಲ್ಲೂ ಹಲವರಿಗೆ ತಮ್ಮ ನೆನಪಿನ ಬಗ್ಗೆ ಪೂರ್ತಿ ವಿಶ್ವಾಸವಿತ್ತು. ಅವರದೇ ಕೈಬರಹ ತೋರಿಸಿದರೂ ಹಳೆಯ ನೆನಪು ಮರಳಲಿಲ್ಲ. ಹೊಸ ನೆನಪು ಹಳೆಯದರ ಜಾಗದಲ್ಲೇ ಕೂತಿತ್ತು.

2001ರ ಸೆಪ್ಟೆಂಬರ್ 11ರ ದಾಳಿಯ ಮರುದಿನ ಜೆನಿಫರ್ ಟಲರಿಕೊ ಮತ್ತು ಡೇವಿಡ್ ರೂಬಿನ್ 54 ವಿದ್ಯಾರ್ಥಿಗಳಿಂದ ದಾಳಿಯ ನೆನಪನ್ನೂ, ಅದರ ಜೊತೆಗೆ ಆ ದಿನಗಳ ಒಂದು ಮಾಮೂಲಿ ಘಟನೆಯ ನೆನಪನ್ನೂ ಬರೆಸಿಕೊಂಡರು. ವಾರಗಳು ಕಳೆದಂತೆ ಎರಡೂ ಒಂದೇ ಪ್ರಮಾಣದಲ್ಲಿ ಮಾಸಿದವು. ವ್ಯತ್ಯಾಸ ಇದ್ದದ್ದು ನಂಬಿಕೆಯಲ್ಲಿ: ಮಾಮೂಲಿ ಘಟನೆಯ ಬಗ್ಗೆ ಜನ ಅನುಮಾನಿಸತೊಡಗಿದರು, ದಾಳಿಯ ನೆನಪಿನ ಮೇಲಿನ ವಿಶ್ವಾಸ ಮಾತ್ರ ಕುಂದಲಿಲ್ಲ. ಹಾಗಾಗಿ 'ನಿನ್ನೆ ನಡೆದಂತಿದೆ' ಎಂದು ಯಾರಾದರೂ ಹೇಳಿದರೆ ಆ ಘಟನೆ ಅವರಿಗೆ ಎಷ್ಟು ಮುಖ್ಯ ಎಂಬುದು ಗೊತ್ತಾಗುತ್ತದೆ. ವಿವರ ಎಷ್ಟು ಸರಿ ಎಂಬುದು ಗೊತ್ತಾಗುವುದಿಲ್ಲ. ಅದೇ ದಾಳಿಯ ನೆನಪನ್ನು ಅಮೆರಿಕದ ಹಲವು ನಗರಗಳಲ್ಲಿ ಹತ್ತು ವರ್ಷ ಹಿಂಬಾಲಿಸಿದ ವಿಲಿಯಂ ಹರ್ಸ್ಟ್ ಮತ್ತು ಸಂಗಡಿಗರ ಅಧ್ಯಯನದ ಫಲ ದಾಖಲೆ ಮಾಡುವವರಿಗೆ ಇನ್ನೂ ಉಪಯುಕ್ತ. ಮರೆವಿನ ದೊಡ್ಡ ಪಾಲು ಮೊದಲ ವರ್ಷದಲ್ಲೇ ಆಗಿಹೋಗುತ್ತದೆ, ಆಮೇಲೆ ಕತೆ ಗಟ್ಟಿಯಾಗುತ್ತದೆ. ಒಮ್ಮೆ ಒಳಗೆ ಸೇರಿದ ತಪ್ಪು ಮುಂದಿನ ಸಲವೂ ಹಾಗೇ ಬರುತ್ತದೆ. ಆದ್ದರಿಂದ ಮೂವತ್ತು ವರ್ಷಗಳಿಂದ ಒಂದೇ ತೆರನಾಗಿ ಹೇಳುತ್ತಿದ್ದಾರೆ ಎಂಬುದು ಸತ್ಯಕ್ಕೆ ಸಾಕ್ಷಿಯಾಗಲಾರದು.

ಚಿತ್ರಗಳ ಕೆಲಸ ಇನ್ನೂ ಬಲವಾದದ್ದು. 1992ರ ಅಕ್ಟೋಬರ್ 4ರಂದು ಆಮ್‌ಸ್ಟರ್‌ಡ್ಯಾಮಿನ ಬೈಲ್‌ಮರ್ ಬಡಾವಣೆಯ ವಸತಿ ಕಟ್ಟಡಕ್ಕೆ ಸರಕು ವಿಮಾನವೊಂದು ಅಪ್ಪಳಿಸಿತು. ಅಪ್ಪಳಿಸುವ ಕ್ಷಣದ ಯಾವ ಚಿತ್ರೀಕರಣವೂ ಇಲ್ಲ. ಹತ್ತು ತಿಂಗಳ ನಂತರ ಸಂಶೋಧಕರು ಆ ದೃಶ್ಯವನ್ನು ಟಿವಿಯಲ್ಲಿ ನೋಡಿದಿರಾ ಎಂದು ಕೇಳಿದಾಗ ಶೇ. 55ರಷ್ಟು ಜನ ನೋಡಿದೆವು ಎಂದರು. ಎರಡನೆಯ ಸಮೀಕ್ಷೆಯಲ್ಲಿ ಶೇ. 66. ಎಷ್ಟೋ ಮಂದಿ ವಿಮಾನ ಯಾವ ಕೋನದಲ್ಲಿ ಬಂತು ಎಂದೂ ವಿವರಿಸಿದರು. ಬೆಂಕಿಯ ದೃಶ್ಯ, ಪತ್ರಿಕೆಯ ರೇಖಾಚಿತ್ರ, ಮಾತುಕತೆ ಎಲ್ಲ ಕೂಡಿ ಇಲ್ಲದ ಚಿತ್ರ ಹುಟ್ಟಿತ್ತು. ಪ್ರಶ್ನೆಯಲ್ಲೇ ಆ ಚಿತ್ರ ಇದೆ ಎಂಬ ಸೂಚನೆ ಇದ್ದದ್ದೂ ಒಂದು ಕಾರಣ. ಅಮೆರಿಕದ ಅಧ್ಯಕ್ಷರಾಗಿದ್ದ ಜಾರ್ಜ್ ಡಬ್ಲ್ಯು. ಬುಷ್ ಕೂಡ, ಸೆಪ್ಟೆಂಬರ್ 11ರ ದಾಳಿಯ ದಿನ ಶಾಲೆಯ ತರಗತಿಯೊಳಗೆ ಹೋಗುವ ಮುನ್ನ ಮೊದಲ ವಿಮಾನ ಗೋಪುರಕ್ಕೆ ಬಡಿದದ್ದನ್ನು ಟಿವಿಯಲ್ಲಿ ಕಂಡೆ ಎಂದು 2001ರ ಡಿಸೆಂಬರ್‌ನಲ್ಲಿ ಹೇಳಿದ್ದರು. ಆ ಹೊತ್ತಿಗೆ ಅಂಥ ದೃಶ್ಯ ಪ್ರಸಾರವಾಗಿರಲೇ ಇಲ್ಲ. ಕೆಲವರು ಇದರಿಂದ ಪಿತೂರಿಯ ಕತೆ ಹೆಣೆದರು. ನೆನಪಿನ ಅಧ್ಯಯನ ಬಲ್ಲವರಿಗೆ ಅದು ಪಠ್ಯಪುಸ್ತಕದ ಉದಾಹರಣೆಯಂಥ ತಪ್ಪು, ಅಷ್ಟೇ.

ಬರ್ಲಿನ್ನಿನ ಮಟ್ಟಿಗೆ ಪ್ರತಿ ವಾರ್ಷಿಕೋತ್ಸವಕ್ಕೂ ಟಿವಿಗಳು ಗೋಡೆ ಹತ್ತಿದ ಜನ, ಕ್ರೇನು, ಗೇಟು ಮೂರನ್ನೂ ಒಂದೇ ನಿಮಿಷದೊಳಗೆ ಜೋಡಿಸಿ ತೋರಿಸುತ್ತ ಬಂದಿವೆ. ನಿಮ್ಮ ಹಿರಿಯರ ತಲೆಯಲ್ಲಿ ಮೂರು ದಿನ ಒಂದಾದದ್ದು ಹೀಗೆ ಇರಬಹುದು.

ತಜ್ಞರು ತಪ್ಪಿ, ಕಂಡವರು ಸರಿಯಾದಾಗ

ಇಷ್ಟನ್ನು ಓದಿ ಪ್ರತ್ಯಕ್ಷದರ್ಶಿಯ ಮಾತನ್ನು ತಳ್ಳಿಹಾಕಿದರೆ ಅದು ಇನ್ನೂ ದೊಡ್ಡ ತಪ್ಪು. 1912ರ ಏಪ್ರಿಲ್ 15ರ ನಸುಕಿನಲ್ಲಿ ಟೈಟಾನಿಕ್ ಮುಳುಗಿದಾಗ ಹಡಗು ಎರಡಾಗಿ ಮುರಿಯಿತು ಎಂದು ಬದುಕುಳಿದ ಅನೇಕರು ಹೇಳಿದರು. ಇಡಿಯಾಗಿಯೇ ಮುಳುಗಿತು ಎಂದವರಲ್ಲಿ ಬದುಕುಳಿದ ಹಿರಿಯ ಅಧಿಕಾರಿ ಚಾರ್ಲ್ಸ್ ಲೈಟಾಲರ್ ಇದ್ದರು. ವಿಚಾರಣೆಗಳು ಅಧಿಕಾರಿಯ ಮಾತಿಗೆ ತೂಕ ಕೊಟ್ಟವು. 1985ರ ಸೆಪ್ಟೆಂಬರ್‌ನಲ್ಲಿ ಸುಮಾರು 3,800 ಮೀಟರ್ ಆಳದಲ್ಲಿ ಅವಶೇಷ ಸಿಕ್ಕಿತು: ಮುಂಭಾಗ ಒಂದು ಕಡೆ, ಹಿಂಭಾಗ ಸುಮಾರು 600 ಮೀಟರ್ ದೂರದಲ್ಲಿ ಇನ್ನೊಂದು ಕಡೆ. ಎಪ್ಪತ್ತಮೂರು ವರ್ಷ ಸಾಮಾನ್ಯ ಪ್ರಯಾಣಿಕರ ಮಾತನ್ನು ಗೊಂದಲದಲ್ಲಿದ್ದವರ ಕಲ್ಪನೆ ಎಂದು ಬದಿಗಿಟ್ಟಿದ್ದರು. ಒಬ್ಬರಿಗೆ ಕಂಡದ್ದು ಇನ್ನೊಬ್ಬರಿಗೆ ಕಾಣದಿರಲು ಕಾರಣ ಸರಳ. ಚಂದ್ರನಿಲ್ಲದ ರಾತ್ರಿ, ಕೊನೆಗಳಿಗೆಯಲ್ಲಿ ಹಡಗಿನ ದೀಪಗಳೂ ಆರಿದ್ದವು. ದೋಣಿ ಯಾವ ಬದಿಯಲ್ಲಿ, ಎಷ್ಟು ದೂರದಲ್ಲಿತ್ತು ಎಂಬುದರ ಮೇಲೆ ನೋಟ ನಿಂತಿತ್ತು.

ಪದವಿ ನೋಡಿ ಸಾಕ್ಷ್ಯ ತೂಗಬಾರದು. ಎಲ್ಲಿ ನಿಂತಿದ್ದರು, ಬೆಳಕು ಎಷ್ಟಿತ್ತು, ಯಾವ ಕಡೆ ಮುಖವಿತ್ತು ಎಂಬುದನ್ನು ನೋಡಿ ತೂಗಬೇಕು. ಹಿರೋಶಿಮಾದಲ್ಲಿ 1945ರ ಆಗಸ್ಟ್ 6ರ ಬೆಳಗ್ಗೆ 8.15ಕ್ಕೆ ಬಾಂಬು ನೆಲದಿಂದ ಸುಮಾರು 600 ಮೀಟರ್ ಎತ್ತರದಲ್ಲಿ ಸ್ಫೋಟಿಸಿತು. ನಗರದೊಳಗಿದ್ದ ಬಹುತೇಕರಿಗೆ ಕಣ್ಣು ಕೋರೈಸಿದ ಬೆಳಕಿನ ನೆನಪಿದೆ, ಶಬ್ದದ ನೆನಪಿಲ್ಲ. ಹಲವು ಕಿಲೋಮೀಟರ್ ಆಚೆ ಇದ್ದವರು ಬೆಳಕಿನ ಹಿಂದೆಯೇ ಬಂದ ಭಾರಿ ಸದ್ದನ್ನು ಹೇಳುತ್ತಾರೆ. ಎರಡೂ ಸರಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆಯಾದ್ದರಿಂದ 5 ಕಿಲೋಮೀಟರ್ ದೂರದಲ್ಲಿ ಬೆಳಕಿಗೂ ಸದ್ದಿಗೂ ನಡುವೆ ಹದಿನಾಲ್ಕು ಹದಿನೈದು ಸೆಕೆಂಡು ಇರಬೇಕು. ಸ್ಫೋಟ, ಗುಂಡು, ಸಿಡಿಲು ಯಾವುದರ ಸಾಕ್ಷ್ಯದಲ್ಲೂ ಈ ಅಂತರವನ್ನು ಕೇಳಿ ಬರೆದುಕೊಳ್ಳಿ. ಅವರು ಎಲ್ಲಿದ್ದರು ಎಂಬುದನ್ನು ಅದು ಅವರ ಮಾತಿಗಿಂತ ಖಚಿತವಾಗಿ ಹೇಳಬಲ್ಲದು.

1989ರ ಜೂನ್ 3ರ ರಾತ್ರಿ ಮತ್ತು 4ರ ನಸುಕಿನಲ್ಲಿ ಚೀನಾದ ಸೈನ್ಯ ವಿದ್ಯಾರ್ಥಿ ಚಳವಳಿಯನ್ನು ಹತ್ತಿಕ್ಕಿದ ಬೀಜಿಂಗ್ ವಿಷಯದಲ್ಲೂ ಸ್ಥಳದ ಪ್ರಶ್ನೆ ದಶಕಗಳ ಜಗಳವಾಗಿದೆ. ಸಾವುಗಳಲ್ಲಿ ಬಹುಪಾಲು ಸಂಭವಿಸಿದ್ದು ತಿಯಾನನ್‌ಮೆನ್ ಚೌಕಕ್ಕೆ ಬರುವ ದಾರಿಗಳಲ್ಲಿ, ಅದರಲ್ಲೂ ಪಶ್ಚಿಮದ ಮುಶಿಡಿ ಸುತ್ತಮುತ್ತ. ಚೌಕದಲ್ಲೇ ಬೆಳಗಿನವರೆಗೆ ಇದ್ದು, ಸೈನ್ಯದೊಡನೆ ಮಾತಾಡಿ ವಿದ್ಯಾರ್ಥಿಗಳನ್ನು ಹೊರತಂದ ಗಾಯಕ ಹೌ ದೆಜಿಯನ್, ಚೌಕದೊಳಗೆ ಕೊಲೆ ಕಂಡಿಲ್ಲ ಎಂದರು. ಅದನ್ನು ಹಿಡಿದು ಹತ್ಯೆಯೇ ನಡೆದಿಲ್ಲ ಎನ್ನುವುದು ಅನ್ಯಾಯ. ಎಲ್ಲ ಸಾವೂ ಚೌಕದಲ್ಲೇ ಆಯಿತೆನ್ನುವುದೂ ಸರಿಯಲ್ಲ. ಒಬ್ಬೊಬ್ಬರ ಮಾತನ್ನೂ ಅವರು ನಿಂತ ಬೀದಿಗೆ ಕಟ್ಟಿದಾಗ ಮಾತ್ರ ಇಡೀ ರಾತ್ರಿಯ ಚಿತ್ರ ಸಿಗುತ್ತದೆ.

ಕೂರಿಸಿ ಕೇಳುವ ಮುನ್ನ

ನೀವು ಚೆನ್ನಾಗಿ ಓದಿಕೊಳ್ಳಿ, ಓದಿದ್ದನ್ನು ಅವರ ಮುಂದೆ ತೋರಿಸಿಕೊಳ್ಳಬೇಡಿ. ಒಂದು ಹಾಳೆಯಲ್ಲಿ ಘಟನೆಯ ಗಂಟೆವಾರು ಪಟ್ಟಿ, ಇನ್ನೊಂದರಲ್ಲಿ ಸ್ಥಳಗಳ ನಕ್ಷೆ ಸಿದ್ಧಮಾಡಿ ಮಡಿಸಿಡಿ. ಕಾಲಮಾನ ಸರಿನೋಡಿ. ಚಂದ್ರನ ಮೇಲೆ ನೌಕೆ ಇಳಿದದ್ದು ವಿಶ್ವ ಕಾಲಮಾನದಲ್ಲಿ 1969ರ ಜುಲೈ 20ರ 20.17ಕ್ಕೆ, ಆರ್ಮ್‌ಸ್ಟ್ರಾಂಗ್ ಕಾಲಿಟ್ಟದ್ದು 21ರ 2.56ಕ್ಕೆ. ನ್ಯೂಯಾರ್ಕಿನವರಿಗೆ ಅದು 20ರ ರಾತ್ರಿ, ಯುರೋಪಿನವರಿಗೆ 21ರ ನಸುಕು. ಇಬ್ಬರ ದಿನಾಂಕವೂ ಸರಿ. ರಷ್ಯಾದ ಕ್ರಾಂತಿ ಹಳೆಯ ಪಂಚಾಂಗದಲ್ಲಿ 1917ರ ಅಕ್ಟೋಬರ್ 25, ಹೊಸದರಲ್ಲಿ ನವೆಂಬರ್ 7. 1918ರ ಜನವರಿ 31ರ ಮರುದಿನ ಅಲ್ಲಿ ಫೆಬ್ರವರಿ 14 ಆಯಿತು. ಹಳೆಯ ಪತ್ರಗಳಲ್ಲಿ ಹದಿಮೂರು ದಿನದ ವ್ಯತ್ಯಾಸ ಕಂಡರೆ ಮೊದಲು ಪಂಚಾಂಗವನ್ನು ಅನುಮಾನಿಸಿ.

ಸುದ್ದಿ ಯಾವಾಗ ಹೊರಬಿತ್ತು ಎಂಬುದನ್ನೂ ಬರೆದಿಟ್ಟುಕೊಳ್ಳಿ. ಚೆರ್ನೋಬಿಲ್ ರಿಯಾಕ್ಟರ್ ಸಿಡಿದದ್ದು 1986ರ ಏಪ್ರಿಲ್ 26ರ ರಾತ್ರಿ 1.23ಕ್ಕೆ, ಪಕ್ಕದ ಪ್ರಿಪ್ಯಾಟ್ ಪಟ್ಟಣವನ್ನು ಖಾಲಿಮಾಡಿಸಿದ್ದು 27ರ ಮಧ್ಯಾಹ್ನ, ಮಾಸ್ಕೋ ಪ್ರಕಟಿಸಿದ್ದು 28ರ ರಾತ್ರಿ, ಸ್ವೀಡನ್ನಿನಲ್ಲಿ ವಿಕಿರಣ ಪತ್ತೆಯಾದ ಮೇಲೆ. ಮಾಸ್ಕೋದಲ್ಲಿದ್ದವರೊಬ್ಬರು 26ರ ಬೆಳಗ್ಗೆ ರೇಡಿಯೋದಲ್ಲಿ ಕೇಳಿದೆ ಎಂದರೆ ದಿನಾಂಕ ಜಾರಿದೆ ಎಂದರ್ಥ.

ಯಂತ್ರದ ಮಾತು ಬೇಗ ಮುಗಿಸುತ್ತೇನೆ. ಒಳ್ಳೆಯ ಫೋನು ಸಾಕು, ಜೊತೆಗೆ ಕೊರಳಪಟ್ಟಿಗೆ ಸಿಕ್ಕಿಸುವ ಮೈಕು ಇರಲಿ. ಅದನ್ನು ಗಲ್ಲದಿಂದ ಒಂದು ಗೇಣು ಕೆಳಗೆ, ಶಾಲು ಸರ ತಾಗದ ಹಾಗೆ ಹಾಕಿ. ಧ್ವನಿಯನ್ನು ಕುಗ್ಗಿಸದೆ ಇಡುವ ಡಬ್ಲ್ಯೂಎವಿ ಕಡತ, 48 ಕಿಲೋಹರ್ಟ್ಸ್, 24 ಬಿಟ್ ಆರಿಸಿ. ಒಂದೇ ಚಾನೆಲ್‌ನಲ್ಲಿ ಗಂಟೆಗೆ ಸುಮಾರು 520 ಎಂಬಿ ಬೇಕಾಗುತ್ತದೆ. ಎಂಪಿ3 ಹತ್ತರಲ್ಲೊಂದು ಪಾಲಿನಷ್ಟೇ ಜಾಗ ಹಿಡಿದರೂ ಕಳೆದುಹೋದ ಧ್ವನಿ ಮತ್ತೆ ಸಿಗುವುದಿಲ್ಲ. ಮಟ್ಟದ ಸೂಚಕ ಮೈನಸ್ 12ರಿಂದ ಮೈನಸ್ 6 ಡೆಸಿಬೆಲ್ ನಡುವೆ ಆಡುತ್ತಿರಲಿ. ಸೊನ್ನೆ ಮುಟ್ಟಿದರೆ ಧ್ವನಿ ಒಡೆಯುತ್ತದೆ, ಯಾವ ತಂತ್ರಾಂಶವೂ ಅದನ್ನು ಪೂರ್ತಿ ಸರಿಮಾಡಲಾರದು. ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ, ಗದ್ದಲ ತಗ್ಗಿಸುವ ಸೌಲಭ್ಯ ಆಫ್ ಮಾಡಿ, ಏಕೆಂದರೆ ಅದು ಮೆಲುದನಿಯ ಪದಗಳನ್ನೂ ನುಂಗುತ್ತದೆ. ಫ್ರಿಜ್, ಫ್ಯಾನು ನಿಲ್ಲಿಸಿ. ಸಾಧ್ಯವಿದ್ದರೆ ಎರಡನೆಯ ಫೋನಿನಲ್ಲೂ ರೆಕಾರ್ಡ್ ಮಾಡಿ. ಅರ್ಧದಲ್ಲಿ ಕೈಕೊಡುವ ಯಂತ್ರ ಯಾವುದೆಂದು ಮೊದಲೇ ಗೊತ್ತಾಗುವುದಿಲ್ಲ. ಶುರುವಿನಲ್ಲಿ ದಿನಾಂಕ, ಸ್ಥಳ, ಇಬ್ಬರ ಹೆಸರು, ಎಷ್ಟನೆಯ ಬೈಠಕ್ಕು ಎಂಬುದನ್ನು ನಿಮ್ಮ ದನಿಯಲ್ಲೇ ಹೇಳಿ.

ಒಪ್ಪಿಗೆಯನ್ನು ಬರಹದಲ್ಲಿ ಪಡೆಯಿರಿ: ಯಾರು ಕೇಳಬಹುದು, ಎಲ್ಲಿ ಪ್ರಕಟಿಸಬಹುದು, ಯಾವ ಭಾಗವನ್ನು ಎಷ್ಟು ವರ್ಷ ಮುಚ್ಚಿಡಬೇಕು. ಮಾತು ಮುಗಿದ ಮೇಲೆ ಇನ್ನೊಮ್ಮೆ ಕೇಳಿ, ಏಕೆಂದರೆ ತಾವು ಏನೇನು ಹೇಳಿಬಿಡುತ್ತೇವೆ ಎಂಬುದು ಶುರುವಿನಲ್ಲಿ ಅವರಿಗೇ ಗೊತ್ತಿರುವುದಿಲ್ಲ.

ಕೇಳುವ ರೀತಿ

ಪ್ರಶ್ನೆಯ ಒಂದೇ ಪದ ನೆನಪನ್ನು ಬದಲಿಸಬಲ್ಲದು. ಎಲಿಜಬೆತ್ ಲಾಫ್ಟಸ್ ಮತ್ತು ಜಾನ್ ಪಾಮರ್ 1974ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಕಾರು ಅಪಘಾತದ ಚಿತ್ರ ತೋರಿಸಿ, ಕೆಲವರನ್ನು ಕಾರುಗಳು 'ಅಪ್ಪಳಿಸಿದಾಗ' ವೇಗ ಎಷ್ಟಿತ್ತೆಂದೂ ಕೆಲವರನ್ನು 'ತಾಗಿದಾಗ' ಎಷ್ಟಿತ್ತೆಂದೂ ಕೇಳಿದರು. ವಾರದ ಮೇಲೆ, ಒಡೆದ ಗಾಜು ಕಂಡಿರಾ ಎಂದರೆ ಮೊದಲ ಗುಂಪಿನ 50ರಲ್ಲಿ 16 ಮಂದಿ, ಎರಡನೆಯದರ 50ರಲ್ಲಿ 7 ಮಂದಿ ಹೌದೆಂದರು. ಚಿತ್ರದಲ್ಲಿ ಗಾಜು ಒಡೆದೇ ಇರಲಿಲ್ಲ. ಆದ್ದರಿಂದ 'ಜನ ಗೋಡೆ ಒಡೆಯುವಾಗ ನೀವು ಎಲ್ಲಿದ್ದಿರಿ?' ಎಂದು ಕೇಳಬೇಡಿ. 'ಆ ದಿನ ಬೆಳಗ್ಗೆ ಎದ್ದಲ್ಲಿಂದ ಮಲಗುವ ತನಕ ಏನೇನಾಯಿತು ಹೇಳಿ' ಎಂದು ಬಿಟ್ಟುಬಿಡಿ. ನಡುವೆ ಬಾಯಿ ಹಾಕಬೇಡಿ. ಅವರು ನಿಲ್ಲಿಸಿದರೆ ಹತ್ತು ಸೆಕೆಂಡು ಸುಮ್ಮನಿರಿ. ಹೊಸಬರಿಗೆ ಅತಿ ಕಷ್ಟವಾಗುವುದು ಈ ಹತ್ತು ಸೆಕೆಂಡೇ, ಆದರೆ ಎಲ್ಲರಿಗೂ ಹೇಳಿ ಹೇಳಿ ರೂಢಿಯಾದ ಕತೆ ಮುಗಿದು ಹೊಸ ಮಾತು ಬರುವುದೂ ಅಲ್ಲಿಂದಲೇ.

ಮೊದಲ ಸುತ್ತು ಮುಗಿದ ಮೇಲೆ ವಿವರಕ್ಕೆ ಇಳಿಯಿರಿ. ರೊನಾಲ್ಡ್ ಫಿಶರ್ ಮತ್ತು ಎಡ್ವರ್ಡ್ ಗೈಸಲ್‌ಮನ್ 1980ರ ದಶಕದಲ್ಲಿ ಪೊಲೀಸ್ ಸಾಕ್ಷಿಗಳಿಗಾಗಿ ರೂಪಿಸಿದ ವಿಧಾನ ಇಲ್ಲೂ ಕೆಲಸ ಮಾಡುತ್ತದೆ. ಮೊದಲು ಸುತ್ತಲಿನ ಸ್ಥಿತಿಯನ್ನು ಮನಸ್ಸಿಗೆ ತಂದುಕೊಳ್ಳಲಿ: ಏನು ತೊಟ್ಟಿದ್ದರು, ಹವೆ ಹೇಗಿತ್ತು, ಪಕ್ಕದಲ್ಲಿ ಯಾರಿದ್ದರು, ಕಾಲಡಿ ನೆಲ ಹೇಗಿತ್ತು, ಯಾವ ವಾಸನೆ. ಮುಖ್ಯವಲ್ಲ ಎನಿಸಿದ್ದನ್ನೂ ಹೇಳಲು ಬಿಡಿ. ಆಮೇಲೆ ಕೊನೆಯಿಂದ ಹಿಂದಕ್ಕೆ ಹೇಳಿಸಿ: ಮನೆ ತಲುಪಿದಾಗ ಗಂಟೆ ಎಷ್ಟು, ಅದಕ್ಕೆ ಮುಂಚೆ ಎಲ್ಲಿದ್ದಿರಿ, ಅದಕ್ಕೂ ಮುಂಚೆ? ಬೆರೆತ ದಿನಗಳು ಹೆಚ್ಚಾಗಿ ಈ ಹಿಮ್ಮುಖ ದಾರಿಯಲ್ಲಿ ಬೇರೆಯಾಗುತ್ತವೆ. ಅದೇ ವಿಧಾನದಲ್ಲಿ, ಬೇರೆಯವರ ಕಣ್ಣಿನಿಂದ ನೋಡಿ ಹೇಳಿ ಎಂಬ ಇನ್ನೊಂದು ಹಂತವಿದೆ. ಇತಿಹಾಸದ ದಾಖಲೆಗೆ ಅದು ಬೇಡ. ಊಹೆಗೆ ಬಾಗಿಲು ತೆರೆದಂತಾಗುತ್ತದೆ.

ನಿಮ್ಮ ವಿಷಯದಲ್ಲಿ ಹವೆಯ ಪ್ರಶ್ನೆ ಬಹಳ ಬೆಲೆಯದು. ಮಳೆ ಬಂದಿತ್ತೇ ಎಂದು ಕೇಳಬೇಡಿ. ಗೇಟಿನ ಬಳಿ ಜನ ಬರುತ್ತಿದ್ದಾಗ ಹವೆ ಹೇಗಿತ್ತು, ಹಗಲೋ ರಾತ್ರಿಯೋ ಎಂದು ಮಾತ್ರ ಕೇಳಿ. ಕೊಡೆ, ಒದ್ದೆ ಕೋಟು ತಾವಾಗಿ ಮಾತಿಗೆ ಬಂದರೆ ಡಿಸೆಂಬರ್ 22ರ ಸುಳಿವು ಸಿಕ್ಕಿತು. ಚೆಕ್‌ಪಾಯಿಂಟ್ ಚಾರ್ಲಿ ಎಂಬ ಗಡಿಠಾಣೆಯ ಬಳಿ ಪ್ರಸಿದ್ಧ ಸಂಗೀತಗಾರ ರೊಸ್ಟ್ರಪೋವಿಚ್ ಚೆಲ್ಲೋ ವಾದ್ಯ ನುಡಿಸಿದ್ದು ನವೆಂಬರ್ 11. ಪೂರ್ವದಿಂದ ಬಂದವರು 100 ಮಾರ್ಕ್ ಸ್ವಾಗತ ಹಣಕ್ಕಾಗಿ ಬ್ಯಾಂಕುಗಳ ಮುಂದೆ ಉದ್ದುದ್ದ ಸಾಲು ನಿಂತದ್ದು 10ರಿಂದ ಮುಂದಿನ ದಿನಗಳಲ್ಲಿ. ಇಂಥ ಗೂಟಗಳು ಸಿಕ್ಕರೆ ಉಳಿದದ್ದನ್ನು ಅವುಗಳ ಸುತ್ತ ಜೋಡಿಸಬಹುದು.

ಪ್ರತಿ ಮುಖ್ಯ ವಿವರಕ್ಕೂ ಒಂದು ಪ್ರಶ್ನೆ ತಪ್ಪದೆ ಕೇಳಿ: 'ಇದು ನಿಮಗೆ ಹೇಗೆ ಗೊತ್ತಾಯಿತು?' ಕಂಡದ್ದು, ಕಿವಿಗೆ ಬಿದ್ದದ್ದು, ಆ ಹೊತ್ತಿನಲ್ಲೇ ಯಾರೋ ಹೇಳಿದ್ದು, ಆಮೇಲೆ ಓದಿಯೋ ನೋಡಿಯೋ ತಿಳಿದದ್ದು, ಇವು ನಾಲ್ಕೂ ಬೇರೆ ಬೇರೆ. 1945ರ ಆಗಸ್ಟ್ 15ರ ಮಧ್ಯಾಹ್ನ ಜಪಾನಿನ ಚಕ್ರವರ್ತಿಯ ದನಿ ರೇಡಿಯೋದಲ್ಲಿ ಬಂದಾಗ ಶರಣಾಗತಿಯ ಮಾತು ಕೇಳಿ ಅತ್ತೆವು ಎಂದು ನೆನೆಯುವವರು ಅನೇಕ. ಪ್ರಸಾರ ಅಸ್ಪಷ್ಟವಾಗಿತ್ತು, ಭಾಷೆ ಆಸ್ಥಾನದ ಗ್ರಾಂಥಿಕ ಭಾಷೆ. ಬಹಳ ಜನರಿಗೆ ಅರ್ಥವಾದದ್ದು ಆಮೇಲೆ ಬಂದ ವಿವರಣೆಯಿಂದ ಅಥವಾ ಪಕ್ಕದವರಿಂದ. ಅವರ ಅಳು ನಿಜ, ಆ ಗಳಿಗೆಗೆ ತಲುಪಿದ ದಾರಿ ಮಾತ್ರ ನೆನಪಿನಲ್ಲಿ ಮೊಟಕಾಗಿದೆ.

ಮಾತಿನಲ್ಲಿ ಬಾರದ್ದು ಚಿತ್ರದಲ್ಲಿ ಬರುವುದುಂಟು. 1974ರಲ್ಲಿ ಹಿರೋಶಿಮಾದ ಹಿರಿಯರೊಬ್ಬರು ಬಾಂಬು ಬಿದ್ದ ದಿನದ ಬಗ್ಗೆ ತಾವು ಬರೆದ ಚಿತ್ರವನ್ನು ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆಯ ಕೇಂದ್ರಕ್ಕೆ ತಂದುಕೊಟ್ಟರು. ಆಮೇಲೆ ಕೇಂದ್ರ ಕರೆಕೊಟ್ಟಾಗ ಬದುಕುಳಿದವರಿಂದ ಎರಡು ಸಾವಿರಕ್ಕೂ ಹೆಚ್ಚು ಚಿತ್ರ ಬಂದವು. ಖಾಲಿ ಹಾಳೆ, ಪೆನ್ಸಿಲ್ ಕೊಟ್ಟು ನಿಂತ ಜಾಗದ ನಕ್ಷೆ ಬರೆಸಿ. ಮುದ್ರಿತ ನಕ್ಷೆಯನ್ನು ಎರಡನೆಯ ಬೈಠಕ್ಕಿನಲ್ಲಷ್ಟೇ ತೋರಿಸಿ.

ಒಂದು ಬೈಠಕ್ಕು ಒಂದೂವರೆ ಗಂಟೆ ಮೀರದಿರಲಿ. ಸಾವು ನೋವು ಕಂಡವರಾದರೆ ನಿಲ್ಲಿಸುವ ಅಧಿಕಾರ ಅವರದೇ ಎಂದು ಮೊದಲೇ ಹೇಳಿ, ನಿಜಕ್ಕೂ ನಿಲ್ಲಿಸಿ. ಇನ್ನಷ್ಟು ಕೆದಕಿ ಕಣ್ಣೀರು ತರಿಸುವುದು ದಾಖಲೆಯಲ್ಲ, ಹಿಂಸೆ.

ಹೆಸರು, ಮುಖ, ಸಂಖ್ಯೆ

ಈ ಮೂರರಲ್ಲಿ ಹೆಚ್ಚು ಎಚ್ಚರ ಬೇಕು. ನಾಜಿಗಳ ಟ್ರೆಬ್ಲಿಂಕಾ ಸಾವಿನ ಶಿಬಿರದಿಂದ ಬದುಕಿ ಬಂದವರು ಜಾನ್ ದೆಮ್ಯಾನ್ಯುಕ್‌ರನ್ನು ನೋಡಿ, 'ಘೋರ ಇವಾನ್' ಎಂದು ಕುಖ್ಯಾತನಾಗಿದ್ದ ಕಾವಲುಗಾರ ಇವನೇ ಎಂದು ಜೆರುಸಲೇಮಿನ ನ್ಯಾಯಾಲಯದಲ್ಲಿ ಗುರುತಿಸಿದರು. 1988ರಲ್ಲಿ ನ್ಯಾಯಾಲಯ ಮರಣದಂಡನೆ ವಿಧಿಸಿತು. ಸೋವಿಯತ್ ಕಡತಗಳು ಆ ಇವಾನ್ ಬೇರೊಬ್ಬ ಎಂದು ಸೂಚಿಸಿದ್ದರಿಂದ 1993ರಲ್ಲಿ ಇಸ್ರೇಲಿನ ಸುಪ್ರೀಂ ಕೋರ್ಟ್ ತೀರ್ಪನ್ನು ರದ್ದುಮಾಡಿತು. 2011ರಲ್ಲಿ ಮ್ಯೂನಿಕ್ ನ್ಯಾಯಾಲಯ ಅವರನ್ನು ಸೊಬಿಬೋರ್ ಶಿಬಿರದ ಕಾವಲುಗಾರನೆಂದು ಶಿಕ್ಷಿಸಿದಾಗ ಮುಖ್ಯ ಆಧಾರ ಕಾಗದಪತ್ರಗಳೇ ಆಗಿದ್ದವು. ಮೇಲ್ಮನವಿ ಇತ್ಯರ್ಥವಾಗುವ ಮೊದಲೇ ಅವರು ತೀರಿಕೊಂಡರು. ಶಿಬಿರದಲ್ಲಿ ಏನು ನಡೆಯಿತು ಎಂಬುದರಲ್ಲಿ ಆ ಬದುಕುಳಿದವರ ಮಾತು ಗಟ್ಟಿ. ನಾಲ್ಕು ದಶಕದ ಮೇಲೆ ಒಂದು ಮುಖ ಯಾರದ್ದು ಎಂಬುದು ಬೇರೆಯೇ ಬಗೆಯ ಪ್ರಶ್ನೆ. ಜಪಾನಿನ ಐವೊ ಜಿಮಾ ದ್ವೀಪದಲ್ಲಿ 1945ರ ಫೆಬ್ರವರಿ 23ರಂದು ಅಮೆರಿಕದ ಬಾವುಟ ನೆಟ್ಟ ಪ್ರಸಿದ್ಧ ಫೋಟೋದಲ್ಲಿರುವ ಆರು ಸೈನಿಕರಲ್ಲಿ ಕೆಲವರ ಹೆಸರನ್ನೂ 1947, 2016, 2019ರಲ್ಲಿ ತಿದ್ದಬೇಕಾಯಿತು.

ಸಂಖ್ಯೆಗೆ ಬಂದರೆ, ನಾಜಿಗಳ ಆಶ್ವಿಟ್ಸ್ ಶಿಬಿರದಲ್ಲಿ 1944ರ ಅಕ್ಟೋಬರ್ 7ರಂದು ನಡೆದ ಕೈದಿಗಳ ಬಂಡಾಯವನ್ನು ಕಂಡ ಮಹಿಳೆಯೊಬ್ಬರು, ಶವ ಸುಡುವ ಕಟ್ಟಡಗಳ ನಾಲ್ಕು ಚಿಮಣಿ (ಹೊಗೆಗೊಳವೆ) ಸ್ಫೋಟಗೊಂಡವು ಎಂದರು. ಸ್ಫೋಟಗೊಂಡದ್ದು ಒಂದು. ಇತಿಹಾಸಕಾರರು ಆ ಸಾಕ್ಷ್ಯವನ್ನು ಕೈಬಿಡಬೇಕೆಂದರು. ಮನೋವೈದ್ಯ ಡೋರಿ ಲಾಬ್ ಒಪ್ಪಲಿಲ್ಲ: ಊಹಿಸಲೂ ಆಗದ ಪ್ರತಿರೋಧವೊಂದು ಅಲ್ಲಿ ಸಂಭವಿಸಿತು ಎಂಬುದಕ್ಕೆ ಆಕೆ ಸಾಕ್ಷಿ ಎಂದರು. ನನ್ನ ಅಭಿಪ್ರಾಯದಲ್ಲಿ ಎರಡು ವಾದವೂ ಇರಬೇಕು, ಬೇರೆ ಬೇರೆ ಸಾಲಿನಲ್ಲಿ. ಚಿಮಣಿಗಳ ಲೆಕ್ಕಕ್ಕೆ ಆಕೆಯ ಮಾತನ್ನು ಬಳಸಬಾರದು. ಕೈದಿಗಳಿಗೆ ಅದು ಏನಾಗಿ ಕಂಡಿತು ಎಂಬುದಕ್ಕೆ ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು.

ಇಟಲಿಯ ಟೆರ್ನಿ ಪಟ್ಟಣದಲ್ಲಿ ಉಕ್ಕಿನ ಕಾರ್ಮಿಕ ಲುಯಿಜಿ ತ್ರಾಸ್ತುಲಿ ಪೊಲೀಸರ ಕೈಯಲ್ಲಿ ಸತ್ತದ್ದು 1949ರ ಮಾರ್ಚ್‌ನಲ್ಲಿ, ನ್ಯಾಟೋ ಒಪ್ಪಂದದ ವಿರುದ್ಧದ ಪ್ರತಿಭಟನೆಯಲ್ಲಿ. ಊರಿನ ಅನೇಕರು ಅದನ್ನು 1953ರ ಸಾಮೂಹಿಕ ವಜಾ ವಿರುದ್ಧದ ಹೋರಾಟದಲ್ಲಿ ನಡೆದದ್ದೆಂದು ನೆನೆಯುತ್ತಿದ್ದರು. ಮೌಖಿಕ ಇತಿಹಾಸಕಾರ ಅಲೆಸ್ಸಾಂದ್ರೋ ಪೋರ್ತೆಲಿ ಇದನ್ನು ಬರಿಯ ತಪ್ಪೆಂದು ಬಿಡದೆ, ಆ ಸಾವಿಗೆ ತಕ್ಕ ಕಾರಣ ಕೊಡಲು ಸಮುದಾಯ ಅದನ್ನು ಮುಂದಕ್ಕೆ ಸರಿಸಿಕೊಂಡಿತು ಎಂದು ತೋರಿಸಿದರು. ನಿಮ್ಮ ಹಿರಿಯರಿಗೂ ಬ್ರಾಂಡೆನ್‌ಬರ್ಗ್ ಗೇಟು ತೆರೆಯದ ಹೊರತು ಗೋಡೆ ಬಿದ್ದಂತೆ ಅನಿಸಿರಲಿಕ್ಕಿಲ್ಲ. ಇದು ಊಹೆ, ಎರಡನೆಯ ಬೈಠಕ್ಕಿನಲ್ಲಿ ಕೇಳಿ ನೋಡಿ.

ದಾಖಲೆಯಾದ ಮೇಲೆ

ಅಂದೇ ರಾತ್ರಿ ಕಡತದ ಮೂರು ಪ್ರತಿ ಮಾಡಿ, ಎರಡು ಬಗೆಯ ಸಾಧನದಲ್ಲಿ ಇಡಿ, ಒಂದು ಬೇರೆ ಮನೆಯಲ್ಲಿರಲಿ. ಮೂಲ ಕಡತವನ್ನು ಕತ್ತರಿಸಬೇಡಿ. ಒಂದು ಗಂಟೆಯ ಮಾತನ್ನು ಬರಹಕ್ಕಿಳಿಸಲು ನಾಲ್ಕರಿಂದ ಆರು ಗಂಟೆ ಬೇಕು. ತಡವರಿಕೆ, ತಿದ್ದಿಕೊಂಡ ಪದ, 'ಅಲ್ಲ ಅಲ್ಲ, ಅದು ಮರುದಿನ' ಎಂಬಂಥ ಮಾತುಗಳನ್ನು ಹಾಗೇ ಬಿಡಿ. ದಿನಗಳ ಹೊಲಿಗೆ ಬಿಚ್ಚುವುದು ಅಲ್ಲೇ. ಕಂಡದ್ದು, ಕೇಳಿದ್ದು, ಹೇಳಿದ್ದು, ತಿಳಿದದ್ದು ಎಂದು ಅಂಚಿನಲ್ಲಿ ಗುರುತು ಹಾಕಿ. ಪುಸ್ತಕದೊಡನೆ ಹೊಂದದ ಕಡೆ ಅವರ ವಾಕ್ಯವನ್ನು ಮುಟ್ಟದೆ ಅಡಿಯಲ್ಲಿ ನಿಮ್ಮ ಟಿಪ್ಪಣಿ ಬರೆಯಿರಿ.

ಆಮೇಲೆ ವಸ್ತುಗಳ ಸರದಿ. ಪಾಸ್‌ಪೋರ್ಟಿನ ಮುದ್ರೆ, ಅಂಚೆಮುದ್ರೆ ಇರುವ ಪತ್ರ, ರೈಲಿನ ಚೀಟಿ, ದಿನಚರಿ. ಫೋಟೋಗಳಿದ್ದರೆ ಪ್ರಿಂಟಿಗಿಂತ ನೆಗೆಟಿವ್ ಹುಡುಕಿ. ಆಲ್ಬಮ್ಮಿನಲ್ಲಿ ಪ್ರಿಂಟು ಹಿಂದುಮುಂದಾಗಿರುತ್ತದೆ. ನೆಗೆಟಿವ್ ಪಟ್ಟಿಯ ಅಂಚಿನಲ್ಲಿ ಚೌಕಟ್ಟಿನ ಸಂಖ್ಯೆ ಅಚ್ಚಾಗಿರುವುದರಿಂದ ತೆಗೆದ ಕ್ರಮ ಬದಲಾಗದು. ಗೋಡೆ ಹತ್ತಿದ ಜನ 5ನೆಯ ಚೌಕಟ್ಟಿನಲ್ಲಿ, ಕ್ರೇನು 20ರಲ್ಲಿ ಇದ್ದು, ನಡುವೆ ಹಗಲಿನ ಚಿತ್ರಗಳಿದ್ದರೆ ಎರಡರ ನಡುವೆ ರಾತ್ರಿ ಕಳೆದಿದೆ ಎಂದಾಯಿತು.

ಎರಡನೆಯ ಬೈಠಕ್ಕನ್ನು ಒಂದೆರಡು ವಾರ ಬಿಟ್ಟು ಇಟ್ಟುಕೊಳ್ಳಿ. ಈಗ ನಕ್ಷೆ, ನೆಗೆಟಿವ್, ನಿಮ್ಮ ಗಂಟೆವಾರು ಪಟ್ಟಿ ಎಲ್ಲವನ್ನೂ ಮೇಜಿನ ಮೇಲೆ ಹರಡಬಹುದು. 'ನೀವು ತಪ್ಪು' ಎನ್ನದೆ, 'ಗೇಟು ತೆರೆದದ್ದು ಡಿಸೆಂಬರ್ 22 ಎಂದು ದಾಖಲೆಯಲ್ಲಿದೆ, ಆಗಲೂ ನೀವು ಅಲ್ಲಿದ್ದಿರಾ?' ಎಂದು ಕೇಳಿ. ರೆಕಾರ್ಡರ್ ಓಡುತ್ತಲೇ ಇರಲಿ. ಅವರು ಒಪ್ಪಿದರೂ, ಒಪ್ಪದೆ ತಮ್ಮ ಮಾತಿಗೇ ಅಂಟಿಕೊಂಡರೂ ಅದು ಎರಡನೆಯ ಕಡತವಾಗಿ ಬೇರೆಯೇ ಉಳಿಯಬೇಕು. ಮೊದಲನೆಯದನ್ನು ಅದಕ್ಕೆ ತಕ್ಕಂತೆ ತಿದ್ದಬಾರದು.